ಉಪವಾಸದ ತೊಟ್ಟಿ

ಶಿವಗಂಗವ್ವ ಬುದ್ಧಿ ಬಲಿತಾಗಿನಿಂದ ಯಾರಿಗಾದರೂ ಉಣ್ಣಲು ಹಾಕುತ್ತಲೇ ಬಂದವಳು. ಎತ್ತಿಗೆ ಹಾಕಿದ್ದಳು, ಎಮ್ಮೆಗೆ ಹಾಕಿದ್ದಳು, ಗಂಡನಿಗೆ ಅವನು ಇದ್ದಷ್ಟು ದಿನ ಹಾಕಿದ್ದಳು, ಊರ ಮಠದ ಸೋಮವಾರದ ದಾಸೋಹಕ್ಕೆ ಬಂದ ಹೋಗೋ ಬರೋ ಮಂದಿಗೆಲ್ಲ ಹಾಕಿದ್ದಳು. ಕೆಸರಿಗೆ ಮಾತ್ರ ಹಾಕಿರಲಿಲ್ಲ. ಅರವತ್ತರ ಹತ್ತಿರ ಬಂದಾಗ ಆ ಕೆಲಸವೂ ಒದಗಿ ಬಂತು.

ಕೆಸರೆಂದರೆ ಕೊಂಗನಾಳದ ಕೆರೆಯ ಕೆಸರು. ನವಲಗುಂದ ತಾಲೂಕಿನ ಈ ಕಡೆ ನೆಲ ಕೊರೆದರೆ ಬರುವುದು ಸವುಳು ನೀರು. ಅದರಲ್ಲಿ ಬಟ್ಟೆ ನೊರೆ ಬಿಡುವುದಿಲ್ಲ, ಬೇಳೆ ಬೇಯುವುದಿಲ್ಲ. ಅದಕ್ಕೇ ಹಿರಿಯರು ಕೆರೆ ಕಟ್ಟಿ ಅದನ್ನು ದೇವರ ಕೋಣೆಯ ಹಾಗೆ ಇಟ್ಟುಕೊಂಡಿದ್ದರು. ಚಪ್ಪಲಿ ಏರಿಯ ಮೇಲೇ ಬಿಡಬೇಕು, ದನ ಇಳಿಸಬಾರದು, ಕೊಡ ಮುಳುಗಿಸುವ ಮೊದಲು ಕಾಲು ತೊಳೆದುಕೊಂಡು ಬರಬೇಕು. ಇಷ್ಟೆಲ್ಲ ಮಡಿಯಿಂದ ಕಾಯ್ದ ಕೆರೆಯ ಮೇಲ್ದಂಡೆಗೆ ಎಲ್ಲಿಯವನೋ ಒಬ್ಬ ಬಂದು ನಟ್ಟು ಬೋಲ್ಟಿಗೆ ಹೊಳಪು ಹಾಕುವ ಶೆಡ್ಡು ತೆರೆದ. ಕಾಲು ತೊಳೆದುಕೊಂಡೇ ಊರೊಳಗೆ ಬಂದನಾದ್ದರಿಂದ ಯಾರೂ ಏನೂ ಅನ್ನಲಿಲ್ಲ. ಮಳೆಗಾಲದಲ್ಲಿ ಶೆಡ್ಡಿನ ತೊಳೆನೀರು ಕೆರೆಗೆ ಇಳಿಯಿತು, ಮೀನು ತೇಲಿದವು, ಅವನು ಬೀಗ ಜಡಿದು ಕಂಬಿ ಕಿತ್ತ. ಹೊಳಪು ಅವನ ಜೊತೆ ಹೋಯಿತು. ನಿಕಲ್ಲು, ಸತುವು, ಕ್ಯಾಡ್ಮಿಯಂ ಎಂದು ಹೆಸರಿರುವ ವಿಷವೆಲ್ಲ ಕೆರೆಯ ತಳದ ಕೆಸರಿಗೆ ಅಂಟಿ ಉಳಿಯಿತು. ನೀರು ಖಾಲಿ ಮಾಡಿ ಕಾಲುವೆಯ ಹೊಸ ನೀರು ಬಿಟ್ಟರೂ ಕೆಸರು ಅದನ್ನು ಮತ್ತೆ ಕೆಡಿಸುತ್ತಿತ್ತು. ಕುಡಿಯಲು ಯೋಗ್ಯವಲ್ಲ ಎಂಬ ಬೋರ್ಡು ಬಂತು.

ನಳದ ನೀರು ವಾರಕ್ಕೊಮ್ಮೆ ಬರುತ್ತಿತ್ತು, ಕುಡಿಯಲಿಕ್ಕೇ ಸಾಲದು. ಹಾಗಾಗಿ ಮಠದ ಅಡುಗೆ ಸವುಳು ನೀರಿನಲ್ಲೇ ನಡೆಯಿತು. ಎಷ್ಟು ಕಟ್ಟಿಗೆ ಉರಿಸಿದರೂ ತೊಗರಿಬೇಳೆ ಒಂದು ಕಡೆ, ನೀರು ಒಂದು ಕಡೆ, ಗುರುತು ಪರಿಚಯವಿಲ್ಲದವರ ಹಾಗೆ ನಿಲ್ಲುತ್ತಿದ್ದವು. ಉಂಡವರು ಮಠದ ಪ್ರಸಾದವೆಂದು ಸುಮ್ಮನೆ ನುಂಗುತ್ತಿದ್ದರು. ಬಡಿಸುವ ಶಿವಗಂಗವ್ವನಿಗೆ ಮಾತ್ರ ಪ್ರತಿ ಸೋಮವಾರವೂ ನಾಚಿಕೆಯಾಗುತ್ತಿತ್ತು. ಕೆರೆ ಮತ್ತೆ ಸರಿಹೋಗಬೇಕು ಎಂದು ಊರಲ್ಲಿ ಎಲ್ಲರೂ ಬಾಯಲ್ಲಿ ಹೇಳುತ್ತಿದ್ದರು, ಅವಳು ಹೊಟ್ಟೆಯಿಂದ ಬಯಸುತ್ತಿದ್ದಳು.

ಬಾಯಲ್ಲಿಯೂ ಹೇಳದವನು ಒಬ್ಬನೇ, ಪಂಚಾಯ್ತಿ ಅಧ್ಯಕ್ಷ ಸಿದ್ಧಲಿಂಗ. ವರಸೆಯಲ್ಲಿ ಶಿವಗಂಗವ್ವನ ಮೈದುನನ ಮಗ. ಕೆರೆಗೆ ಮಣ್ಣು ತುಂಬಿ ಸಾಲಾಗಿ ಮಳಿಗೆ ಕಟ್ಟಿಸಬೇಕೆಂಬುದು ಅವನ ಆಸೆ. "ಸತ್ತ ಕೆರಿ ಇಟ್ಕೊಂಡು ಏನ್ ಪೂಜಿ ಮಾಡೂದೈತಿ?" ಎನ್ನುತ್ತಿದ್ದ. ಮೊದಲ ಮಳಿಗೆ ಯಾರಿಗೆ ಎಂಬುದನ್ನು ಯಾರೂ ಕೇಳಿರಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ.

ಅಷ್ಟರಲ್ಲಿ ಧಾರವಾಡದಿಂದ ಅಮೃತಾ ಬಂದಳು. ಕುಂದಗೋಳದ ಹುಡುಗಿ, ಕೆಟ್ಟ ಕೆಸರನ್ನು ಬ್ಯಾಕ್ಟೀರಿಯಾದಿಂದ ಸ್ವಚ್ಛ ಮಾಡುವ ವಿದ್ಯೆ ಓದಿದವಳು. ಮೇಲಿನ ಕಚೇರಿಯವರು ಅವಳಿಗೆ ಒಂದು ಅವಕಾಶ ಕೊಟ್ಟಿದ್ದರು. ಏರಿಯ ಪಕ್ಕ ತೊಟ್ಟಿಯಲ್ಲಿ ಕೆಸರು ತುಂಬಿ ಮಾಡಿ ತೋರಿಸಲಿ. ಫಲ ಕಂಡರೆ ಇಡೀ ಕೆರೆ ಸ್ವಚ್ಛ ಮಾಡಿಸುತ್ತೇವೆ, ಕಾಣದಿದ್ದರೆ ಮಣ್ಣು ತುಂಬಲು ಸಹಿ ಹಾಕುತ್ತೇವೆ. ತೊಟ್ಟಿ ನೋಡಿಕೊಳ್ಳಲು ನಂಬಿಕಸ್ಥರು ಬೇಕೆಂದಾಗ ಊರು ಒಂದೇ ಹೆಸರು ಹೇಳಿತು. ಕೈಜೋಡಿಗೆ ಪಕ್ಕದ ಮನೆಯ ಖಾದರಬಿಯನ್ನು ಶಿವಗಂಗವ್ವ ತಾನೇ ಕರೆತಂದಳು.

"ಇವು ಹಾಲಿಗೆ ಹಾಕೂ ಹೆಪ್ಪು ಇದ್ದಂಗ ರೀ ಅವ್ವಾರ," ಎಂದು ಅಮೃತಾ ಬಾಟಲಿಯ ಮಬ್ಬು ನೀರು ತೋರಿಸಿದಳು. "ಕಣ್ಣಿಗೆ ಕಾಣೂದಿಲ್ಲ, ಆದ್ರ ಜೀವ ಅದಾವು. ಗಂಧಕ ತಿಂತಾವು, ತಿಂದು ಕೆಸರನ್ನ ಹುಳಿ ಮಾಡ್ತಾವು. ಹುಳಿ ಆತಂದ್ರ ಅಂಟಿದ ಲೋಹ ಕೆಸರು ಬಿಟ್ಟು ನೀರಿಗೆ ಇಳೀತೈತಿ. ಆ ನೀರು ಬಸದು ತಗದ್ರ ಕೆಸರು ಸ್ವಚ್ಛ."

ಶಿವಗಂಗವ್ವನಿಗೆ ಇದರಲ್ಲಿ ತಿಳಿಯದ್ದೇನೂ ಕಾಣಲಿಲ್ಲ. ಹುಣಸೆಹುಳಿ ಹಚ್ಚಿ ತಾಮ್ರದ ಕೊಡ ಬೆಳಗಿದವಳು ಅವಳು. "ಬಸದ ನೀರು ಎಲ್ಲಿ ಚೆಲ್ತಿ ಯವ್ವಾ?" ಎಂದಷ್ಟೇ ಕೇಳಿದಳು.

"ಚೆಲ್ಲೂದಿಲ್ರಿ. ಅದಕ್ಕ ಸುಣ್ಣ ಹಾಕಿದ್ರ ಲೋಹ ತಳಕ್ಕ ಕೂಡ್ತೈತಿ. ಆ ಗಸಿ ಡ್ರಮ್ಮಿನ್ಯಾಗ ತುಂಬಿ ನಾವ ಒಯ್ತೀವಿ."

ಅಮೃತಾ ಸಿಮೆಂಟಿನ ಎರಡು ತೊಟ್ಟಿ ಕಟ್ಟಿಸಿದ್ದಳು, ನಡುವೆ ಒಂದೇ ಗೋಡೆ. ಎರಡಕ್ಕೂ ಅದೇ ಕೆರೆಯ ಕೆಸರು, ಅದೇ ನೀರು. ಮೊದಲನೆಯದಕ್ಕೆ ಬಾಟಲಿಯ ಬ್ಯಾಕ್ಟೀರಿಯಾ ಸುರಿದಳು. ದಿನಾ ಬೆಳಿಗ್ಗೆ ಅದಕ್ಕೆ ಒಂದು ಬೋಗುಣಿ ಗಂಧಕ ಹಾಕಿ, ಬಿದಿರ ಗಳದಿಂದ ಎರಡೂ ತೊಟ್ಟಿ ತಿರುವಬೇಕು ಎಂದಳು.

"ಆ ತೊಟ್ಟಿಗೆ ಏನ್ ಹಾಕೂದು?" ಎಂದು ಶಿವಗಂಗವ್ವ ಎರಡನೆಯದನ್ನು ತೋರಿಸಿದಳು.

"ಅದಕ್ಕೇನೂ ಹಾಕಬ್ಯಾಡ್ರಿ."

"ಅದರಾಗ ಜೀವ ಇಲ್ಲೇನು?"

"ಕೆಸರಂದಮ್ಯಾಲ ಸ್ವಲ್ಪ ಇದ್ದ ಇರ್ತಾವ್ರಿ. ಆದ್ರ ಅವಕ್ಕ ತಿನ್ನಾಕ ಕೊಡೂದಿಲ್ಲ. ಹಾಕಿದ್ರ ಏನಾಕ್ಕೈತಿ, ಹಾಕದಿದ್ರ ಏನಾಕ್ಕೈತಿ ಅಂತ ಹೋಲಿಸಿ ನೋಡಬೇಕಲ್ರಿ."

"ಅಂದ್ರ ಬಾಜೂಕಿನವು ಉಣ್ಣೂದನ್ನ ಇವು ನೋಡ್ಕೋತ ಕುಂದ್ರಬೇಕು."

"ಅವಕ್ಕ ಕಣ್ಣಿಲ್ರಿ ಅವ್ವಾರ," ಎಂದು ಅಮೃತಾ ನಕ್ಕಳು. "ಹಾಕೂದಿಲ್ಲ ಅಂತ ಮಾತ ಕೊಡ್ರಿ."

"ಆತು ತಗೋ," ಎಂದಳು ಶಿವಗಂಗವ್ವ. ಕೊಟ್ಟಳೇನೋ ಸರಿ, ಹೋಗುವಾಗ ಎರಡನೇ ತೊಟ್ಟಿಯ ಕಡೆ ಎರಡು ಸಲ ತಿರುಗಿ ನೋಡಿದಳು.

ಇಲ್ಲಿ ಮಠದ ಪದ್ಧತಿಯನ್ನು ಒಂದಿಷ್ಟು ಹೇಳಬೇಕು. ದಾಸೋಹದ ಸಾಲಿನಲ್ಲಿ ಬಡಿಸುವವಳು ತುದಿಯಲ್ಲಿ ಕುಳಿತವನಿಗೂ ಉಪ್ಪಿನಿಂದ ಹಿಡಿದು ಹುಗ್ಗಿಯವರೆಗೆ ಬಡಿಸುವ ತನಕ ಸಾಲಿನ ಮೊದಲಿಗನು ತುತ್ತು ಎತ್ತುವಂತಿಲ್ಲ. ಒಬ್ಬನಿಗೆ ಬಡಿಸಿ ಪಕ್ಕದವನನ್ನು ಬಿಟ್ಟರೆ ಅದು ಪಂಕ್ತಿಭೇದ. ಸುಳ್ಳು ಹೇಳಿದವರನ್ನು, ಜಗಳಗಂಟರನ್ನು, ಒಮ್ಮೆ ಗಂಟೆಯನ್ನೇ ಕದ್ದವನನ್ನು ಕೂಡ ಮಠ ಕ್ಷಮಿಸಿತ್ತು. ಪಂಕ್ತಿಭೇದ ಮಾಡಿದವರನ್ನು ಕ್ಷಮಿಸಿದ ನೆನಪು ಯಾರಿಗೂ ಇರಲಿಲ್ಲ. ಶಿವಗಂಗವ್ವನ ಅತ್ತೆ ಅವಳ ಕೈಗೆ ಸೌಟು ಕೊಡುವಾಗ ಈ ಒಂದು ಮಾತನ್ನೇ ಹೇಳಿ ಕೊಟ್ಟಿದ್ದಳು.

ಕೆಲವು ದಿನ ಅವಳು ಮಾತು ಉಳಿಸಿಕೊಂಡಳು. ಮೊದಲ ತೊಟ್ಟಿಗೆ ಗಂಧಕ ಸುರಿದು, ಎರಡನೆಯದನ್ನು ಮುಖ ತಿರುಗಿಸಿಕೊಂಡು ತಿರುವುತ್ತಿದ್ದಳು. ಮೊದಲನೆಯದು ಹುಳಿಯೇರಿ ಬಣ್ಣ ಬದಲಿಸತೊಡಗಿತು. ಎರಡನೆಯದು ಹಾಕಿದ ಹಾಗೇ ಬಿದ್ದುಕೊಂಡಿತ್ತು. ಸೋಮವಾರ ಬಂತು. ಸಾಲಿನ ತುದಿಯವರೆಗೆ ಬಡಿಸುತ್ತ ಹೋದವಳಿಗೆ ಕೊನೆಯ ಎಲೆಯ ಮುಂದೆ ಎರಡನೇ ತೊಟ್ಟಿ ನೆನಪಾಯಿತು. ಇಲ್ಲಿ ಇಷ್ಟು ನೇಮ, ಅಲ್ಲಿ ಅಂಥ ಅನ್ಯಾಯ, ಮಾಡುವ ಕೈ ಮಾತ್ರ ಒಂದೇ ಎನ್ನಿಸಿ ಅವಳಿಗೆ ಆ ದಿನ ಊಟ ಸೇರಲಿಲ್ಲ.

ಮಂಗಳವಾರ ಬೆಳಿಗ್ಗೆ ಎರಡನೇ ತೊಟ್ಟಿಗೂ ಒಂದು ಬೋಗುಣಿ ಗಂಧಕ ಬಿತ್ತು. ಚೀಲದಲ್ಲಿ ಬೇಕಾದಷ್ಟಿತ್ತು. ಅಷ್ಟಕ್ಕೇ ಬಿಡದೆ ಮೊದಲ ತೊಟ್ಟಿಯ ಹುಳಿಗೆಸರನ್ನು ಎರಡು ಸೌಟು ತೆಗೆದು ಎರಡನೆಯದಕ್ಕೆ ಹಾಕಿದಳು. ನೆರೆಮನೆಯವರಿಗೆ ಹೆಪ್ಪು ಇಲ್ಲ ಎನ್ನುವ ಮನೆ ಊರಲ್ಲಿ ಇರಲಿಲ್ಲ.

"ಗಂಗವ್ವಕ್ಕಾ, ಆ ಹುಡಿಗಿ ಬ್ಯಾಡಂದಿದ್ಲಲ್ಲ ಬೇ?" ಎಂದಳು ಖಾದರಬಿ.

"ಸಣ್ಣಾಕಿ ಅಕಿ. ಓದ್ಯಾಳ, ಬಡಿಸಿಲ್ಲ."

ಖಾದರಬಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಯಮನೂರ ದರ್ಗಾದಾಗೂ ಬಂದಾವ್ರನ್ನ ಹಸದು ಕಳಸೂದಿಲ್ಲ ಬಿಡು," ಎಂದು ಗಳ ತೆಗೆದುಕೊಂಡು ತಿರುವಿದಳು. ಮಠದ ಒಪ್ಪಿಗೆ, ದರ್ಗಾದ ಒಪ್ಪಿಗೆ ಎರಡೂ ಸಿಕ್ಕಮೇಲೆ ವಿಜ್ಞಾನದ ಒಪ್ಪಿಗೆ ಕೇಳುವ ಅಗತ್ಯ ಇಬ್ಬರಿಗೂ ಕಾಣಲಿಲ್ಲ.

ಅಮೃತಾ ಮುಂದಿನ ಸಲ ಬಂದು ಎರಡನೇ ತೊಟ್ಟಿಗೆ ಕಾಗದದ ಪಟ್ಟಿ ಅದ್ದಿದಳು. ಹುಳಿ ಇರಬಾರದಿತ್ತು, ಇತ್ತು. ನಡುಗೋಡೆ ಸೋರುತ್ತಿದೆ ಎಂದುಕೊಂಡು ಗೌಂಡಿಯನ್ನು ಕರೆಸಿ, ಎರಡೂ ತೊಟ್ಟಿ ಬರಿದು ಮಾಡಿ, ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸಿ, ಹೊಸ ಕೆಸರು ಹೊಸ ಬ್ಯಾಕ್ಟೀರಿಯಾ ಹಾಕಿಸಿದಳು. ಶಿವಗಂಗವ್ವ ಗೌಂಡಿಗೆ ಚಹಾ ಕೊಟ್ಟಳು. ಹುಳಿ ಮತ್ತೆ ಬಂತು. ಗೌಂಡಿಯೂ ಮತ್ತೆ ಬಂದು ಇನ್ನೊಂದು ಪದರ ಗಿಲಾವು ಬಳಿದ. ಮತ್ತೆ ಕೆಸರು ಬದಲಿಸಲು ಹೊತ್ತು ಇರಲಿಲ್ಲ. ಗೋಡೆ ಸರಿಯಾಯಿತು, ಇನ್ನು ಸೋರದು ಎಂದು ಅಮೃತಾ ಸಮಾಧಾನ ಮಾಡಿಕೊಂಡಳು. ಆ ಗೋಡೆ ಈಗ ಊರಿನ ಯಾವ ಸರಕಾರಿ ಕಟ್ಟಡದ ಗೋಡೆಗಿಂತಲೂ ಗಟ್ಟಿಯಾಗಿತ್ತು. ಶಿವಗಂಗವ್ವ ಸುಳ್ಳು ಹೇಳಲಿಲ್ಲ, ಏಕೆಂದರೆ ಗೋಡೆಯನ್ನು ಬಿಟ್ಟು ಬೇರೆ ಯಾರನ್ನೂ ಅಮೃತಾ ಅನುಮಾನಿಸಲಿಲ್ಲ. ಎರಡೂ ತೊಟ್ಟಿ ಸ್ವಚ್ಛವಾದರೆ ಕೆರೆಗೆ ಇಮ್ಮಡಿ ಒಳ್ಳೆಯದೆಂದೇ ಅವಳು ಪ್ರಾಮಾಣಿಕವಾಗಿ ತಿಳಿದಿದ್ದಳು.

ಫಲ ಹೇಳುವ ದಿನ ಮೇಲಿನ ಕಚೇರಿಯ ಸಾಹೇಬರು ಜೀಪಿನಲ್ಲಿ ಬಂದರು. ಏರಿಯ ಮೇಲೆ ಕುರ್ಚಿ ಹಾಕಿದರು. ಸಿದ್ಧಲಿಂಗ ಬಿಳಿ ಅಂಗಿ ಹಾಕಿಕೊಂಡು ಪಕ್ಕದಲ್ಲಿ ನಿಂತ. ಧಾರವಾಡದಲ್ಲಿ ಪರೀಕ್ಷೆಯಾಗಿ ಬಂದ ಹಾಳೆಗಳನ್ನು ಸಾಹೇಬರು ಹಿಂದೆ ಮುಂದೆ ತಿರುವಿ ನೋಡಿದರು.

"ಮೊದಲನೇ ತೊಟ್ಟಿಯಲ್ಲಿ ಲೋಹ ಬಹಳ ಕಡಿಮೆಯಾಗಿದೆ," ಎಂದರು. ಜನ ಚಪ್ಪಾಳೆ ತಟ್ಟಿದರು. "ಎರಡನೆಯದರಲ್ಲಿಯೂ ಅಷ್ಟೇ ಕಡಿಮೆಯಾಗಿದೆ."

ಜನ ಇನ್ನೂ ಜೋರಾಗಿ ತಟ್ಟಿದರು. ಎಲ್ಲರಿಗಿಂತ ಮೊದಲು ತಟ್ಟಿದವಳು ಶಿವಗಂಗವ್ವ. ಅಮೃತಾಳ ಮುಖ ನೋಡಿದಾಗ ಅವಳ ಕೈ ಅಲ್ಲಿಯೇ ನಿಂತಿತು. ಆ ಮುಖದಲ್ಲಿ ರಕ್ತವೇ ಇರಲಿಲ್ಲ.

"ಏನೂ ಹಾಕದ ತೊಟ್ಟಿಯೂ ಸ್ವಚ್ಛವಾಯಿತೆಂದರೆ ಬ್ಯಾಕ್ಟೀರಿಯಾ ಮಾಡಿದ್ದೇನು?" ಎಂದರು ಸಾಹೇಬರು. "ಎಲ್ಲೋ ತಪ್ಪಾಗಿದೆ. ಇಂಥ ಪ್ರಯೋಗ ನಂಬಿ ಇಡೀ ಕೆರೆಗೆ ಕೈಹಾಕಲು ಆಗುವುದಿಲ್ಲ."

"ಮಣ್ಣ ತುಂಬಾಕ ಟ್ರ್ಯಾಕ್ಟರ್ ತಯಾರದಾವ್ರಿ ಸಾಹೇಬ್ರ," ಎಂದ ಸಿದ್ಧಲಿಂಗ. ಅವನ ಬೇಳೆ ಅಂತೂ ಸವುಳು ನೀರಿನಲ್ಲಿಯೂ ಬೆಂದಿತ್ತು.

ಶಿವಗಂಗವ್ವನಿಗೆ ಆಗ ತಿಳಿಯಿತು. ತಾನು ಎರಡನೇ ತೊಟ್ಟಿಗೆ ಹಾಕಿದ ಒಂದೊಂದು ಬೋಗುಣಿಯೂ ಕೆರೆಯ ಮೇಲೆ ಬೀಳಲಿರುವ ಒಂದೊಂದು ಬುಟ್ಟಿ ಮಣ್ಣಾಗಿತ್ತು. ಸೆರಗು ಸರಿಮಾಡಿಕೊಂಡು ಕುರ್ಚಿಯ ಮುಂದೆ ಬಂದಳು.

"ಎರಡೂ ಒಂದ ನಮೂನಿ ಆಗದ ಏನ್ ಮಾಡ್ತಾವ್ರಿ? ಎರಡಕ್ಕೂ ನಾನ ಹಾಕೀನಲ್ಲ."

"ಏನು ಹಾಕಿದಿರಿ?"

"ಗಂಧಕ. ಮ್ಯಾಲ ಎರಡ ಸೌಟ ಹೆಪ್ಪು."

"ಹಾಕಬೇಡ ಎಂದು ಹೇಳಿರಲಿಲ್ಲವೇ?"

"ಹೇಳಿದ್ಲರಿ. ಪಂಕ್ತಿಭೇದ ಆಕ್ಕಿತ್ತು, ಅದಕ್ಕ ಹಾಕಿದ್ನಿ."

ಸಾಹೇಬರು ಹಾಳೆಯಲ್ಲಿ ಆ ಶಬ್ದಕ್ಕೆ ಎಲ್ಲಿ ಜಾಗವಿದೆ ಎಂದು ಹುಡುಕುವವರಂತೆ ಕಂಡರು. ಸಿದ್ಧಲಿಂಗ ನಡುವೆ ಬಾಯಿ ಹಾಕಿದ. "ಕೆರಿ ಉಳಸಾಕ ಸುಳ್ಳ ಹೇಳಾಕತ್ತಾಳ್ರಿ ನಮ್ಮ ದೊಡ್ಡವ್ವ."

"ಸುಳ್ಳ ಹೇಳೂ ಮನಿತನ ನಂದಲ್ಲ ಲೇ. ನಿಮ್ಮವ್ವನ ಕೇಳು, ನಿನಗ ಮೊದಲನೇ ತುತ್ತ ಉಣಿಸಿದಾಕಿ ನಾನು."

ಬಾಯಿಮಾತನ್ನು ನಂಬಲು ಸಾಹೇಬರಿಗೆ ಅಧಿಕಾರವಿರಲಿಲ್ಲ, ನಂಬದಿರಲು ಮನಸ್ಸು ಬರಲಿಲ್ಲ. ಮಳೆಗಾಲದ ಒಳಗೆ ಇನ್ನೊಂದು ಸಲ ಮಾಡಿ ತೋರಿಸಿ, ಅದೇ ಕೊನೆ ಎಂದು ಹೇಳಿ ಜೀಪು ಹತ್ತಿದರು.

ಜನ ಕರಗಿದ ಮೇಲೆ ಅಮೃತಾ ತೊಟ್ಟಿಯ ಕಟ್ಟೆಯ ಮೇಲೆ ಕುಸಿದಳು. "ನಿಮ್ಮನ್ನ ನಮ್ಮವ್ವನಗಿಂತ ಹೆಚ್ಚ ನಂಬಿದ್ನಿ. ನಾ ಎರಡ ಸಲ ಗೋಡಿ ಗಿಲಾವ ಮಾಡ್ಸುಮುಂದ ನೀವು ಚಾ ಕುಡಿಸ್ಕೋತ ನಿಂತಿದ್ರಿ," ಎಂದು ಅತ್ತೇಬಿಟ್ಟಳು. ಶಿವಗಂಗವ್ವ ಒಂದು ಪಾಪ ತಪ್ಪಿಸಲು ಹೋಗಿ ಇನ್ನೊಂದನ್ನು ಮಾಡಿದ್ದಳು. ಈ ಹುಡುಗಿಯ ಕಣ್ಣೀರಿನ ಮುಂದೆ ಹಿಂದಿನದು ಸಣ್ಣದಾಗಿ ಕಂಡಿತು.

"ಈ ಸಲ ಬ್ಯಾರೆ ಯಾರನ್ನರೆ ಇಡ್ತೀನ್ರಿ," ಎಂದಳು ಅಮೃತಾ ಕಣ್ಣೊರೆಸಿಕೊಂಡು.

"ಬ್ಯಾರೆ ಯಾರನ್ನ ಇಟ್ರೂ ಅವರನ್ನ ಸಿದ್ಧಲಿಂಗ ಒಂದ ಬೀಡಿಗೆ ಕೊಂಡ್ಕೋತಾನ. ನಾನ ಮಾಡ್ತೀನಿ."

"ಹಾಕದ ಇರಾಕ ನಿಮ್ಮಿಂದ ಆಕ್ಕೈತೇನ್ರಿ?"

"ಆಗೂದಿಲ್ಲ. ಆದ್ರೂ ಹಾಕೂದಿಲ್ಲ."

ಆ ಸಂಜೆಯೇ ಅವಳು ಮಠಕ್ಕೆ ಹೋಗಿ ಸೌಟನ್ನು ಸೊಸೆ ದಾನೇಶ್ವರಿಯ ಕೈಗೆ ಕೊಟ್ಟಳು. ಬೇಕೆಂದೇ ಪಂಕ್ತಿಭೇದ ಮಾಡುವ ಕೈ ದಾಸೋಹದಲ್ಲಿ ಬಡಿಸಬಾರದು ಎಂಬುದು ಅವಳ ನ್ಯಾಯ. ಯಾರೂ ಹೀಗೆ ಮಾಡೆಂದು ಹೇಳಿರಲಿಲ್ಲ. ಸ್ವಾಮಿಗಳು ಕಾರಣ ಕೇಳಿ, ತೊಟ್ಟಿಯ ವಿಷಯ ಪೂರ್ತಿ ತಿಳಿಯದಿದ್ದರೂ ಅವಳ ಹಟದ ವಿಷಯ ತಿಳಿದಿದ್ದರಿಂದ ಸುಮ್ಮನಾದರು. ಸೋಮವಾರಗಳಲ್ಲಿ ಅವಳು ಹಿತ್ತಲಲ್ಲಿ ಕುಳಿತು ಎಂಜಲು ಪಾತ್ರೆ ತಿಕ್ಕುತ್ತಿದ್ದಳು. ಒಳಗಿನಿಂದ ದಾನೇಶ್ವರಿ ಸಾರು ತುಳುಕಿಸುವ ಸಪ್ಪಳ, ಇತ್ತ ಹುಗ್ಗಿ ಬರಲಿಲ್ಲ ಎಂದು ಯಾರೋ ಕೂಗುವ ಸಪ್ಪಳ ಕೇಳುತ್ತಿತ್ತು. ಎದ್ದು ಹೋಗಬೇಕೆಂದು ಕಾಲು ಎಳೆಯುತ್ತಿತ್ತು. ಬೂದಿಯನ್ನು ಮುಷ್ಟಿ ತುಂಬ ತೆಗೆದುಕೊಂಡು ಪಾತ್ರೆಯನ್ನು ಇನ್ನಷ್ಟು ತಿಕ್ಕುತ್ತಿದ್ದಳು.

ತೊಟ್ಟಿಗಳಿಗೆ ಹೊಸ ಕೆಸರು ಬಂದಿತ್ತು. ಈ ಸಲ ಗಳವೂ ಬೇರೆ ಬೇರೆ. ಮೊದಲನೆಯದಕ್ಕೆ ಗಂಧಕ, ಎರಡನೆಯದಕ್ಕೆ ಬರೀ ಗಳ. ಮುಖ ತಿರುಗಿಸಿಕೊಳ್ಳುವುದನ್ನು ಅವಳು ಬಿಟ್ಟಳು. ಉಪವಾಸ ಇಡುವುದೇ ಆದರೆ ಮುಖ ನೋಡಿಯೇ ಇಡಬೇಕು ಎಂದು ಖಾದರಬಿಗೆ ಹೇಳಿದಳು. ಖಾದರಬಿ ಕೆಸರಿಗೆ ಮುಖ ಎಲ್ಲಿದೆ ಎಂದು ಕೇಳಲಿಲ್ಲ.

ಒಂದು ಬೆಳಿಗ್ಗೆ ಸಿದ್ಧಲಿಂಗ ಏರಿಯ ಮೇಲೆ ಬಂದು ಚಪ್ಪಲಿ ಬಿಟ್ಟು ಕುಳಿತ. ಅವನು ಚಪ್ಪಲಿ ಬಿಟ್ಟದ್ದನ್ನು ನೋಡಿಯೇ ಶಿವಗಂಗವ್ವನಿಗೆ ಏನೋ ಕೆಲಸ ಇದೆಯೆಂದು ಗೊತ್ತಾಯಿತು.

"ದೊಡ್ಡವ್ವಾ, ಪಾಪ ಅನಿಸ್ತೈತಿ ಬೇ ಆ ತೊಟ್ಟಿ ನೋಡಿದ್ರ," ಎಂದ ಮೆತ್ತಗೆ. "ನಮ್ಮ ಮನಿತನದಾಗ ಯಾರೂ ಪಂಕ್ತಿಭೇದ ಮಾಡಿಲ್ಲ. ನಿನ್ನಂಥಾಕಿ ಮಾಡೂದಾ? ಒಂದ ಮುಷ್ಟಿ ಹಾಕಿಬಿಡು. ಯಾರಿಗೆ ಗೊತ್ತಾಕ್ಕೈತಿ?"

ಅವಳ ಕೈಯಲ್ಲಿ ಬೋಗುಣಿ ಇತ್ತು. ತಳದಲ್ಲಿ ಹಳದಿ ಪುಡಿ ಉಳಿದಿತ್ತು. ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಅದೇ ಅವಳಿಗೆ ಚುಚ್ಚಿತು. ಇಷ್ಟು ವರ್ಷ ಪುಣ್ಯವೆಂದು ಕಾಪಾಡಿಕೊಂಡದ್ದನ್ನು ಈ ಹುಡುಗ ಗಾಳಕ್ಕೆ ಸಿಕ್ಕಿಸಿ ಮುಂದೆ ಹಿಡಿದಿದ್ದ. ಕೈ ಎರಡನೇ ತೊಟ್ಟಿಯ ಕಡೆ ಅರ್ಧ ಹೋಗಿತ್ತು. ಅವಳು ಬೋಗುಣಿಯನ್ನು ಮೊದಲನೇ ತೊಟ್ಟಿಗೇ ಕೊಡವಿ, ತಳವನ್ನು ಸೆರಗಿನಿಂದ ಒರೆಸಿದಳು.

"ಮಾಡಾಕತ್ತೀನಪಾ ಪಂಕ್ತಿಭೇದ," ಎಂದಳು. "ಕಣ್ಣ ತುಂಬ ನೋಡ್ಕೊಂಡು ಹೋಗು. ಊರಾಗ ಹೇಳು."

ಅವನು ಹೋದ ಮೇಲೆ ಅವಳು ಕಟ್ಟೆಗೆ ಒರಗಿ ಅತ್ತಳು. ಖಾದರಬಿ ಎರಡೂ ತೊಟ್ಟಿಯನ್ನು ಒಬ್ಬಳೇ ತಿರುವಿದಳು, ಗಳ ಅದಲು ಬದಲಾಗದಂತೆ ನೋಡಿಕೊಂಡು.

ಮೊದಲ ಮೋಡ ಕಾಣಿಸುವ ಹೊತ್ತಿಗೆ ಸಾಹೇಬರು ಮತ್ತೆ ಬಂದರು. ಈ ಸಲ ಜನ ಬುದ್ಧಿವಂತರಾಗಿದ್ದರು, ಎರಡೂ ತೊಟ್ಟಿಯ ಲೆಕ್ಕ ಕೇಳುವ ತನಕ ಚಪ್ಪಾಳೆ ತಟ್ಟಲಿಲ್ಲ. ಮೊದಲನೇ ತೊಟ್ಟಿಯ ಕೆಸರಿನಿಂದ ಲೋಹ ಬಹುಪಾಲು ಇಳಿದುಹೋಗಿತ್ತು. ಎರಡನೆಯದರಲ್ಲಿ ಇದ್ದದ್ದು ಇದ್ದಂತೆಯೇ ಇತ್ತು, ಕಡುವಿಷ. ಸಾಹೇಬರು ಮೊದಲ ಬಾರಿಗೆ ನಕ್ಕರು. ಕೆರೆ ತುಂಬುವ ಮಾತು ಬಿಟ್ಟುಬಿಡಿ, ಸ್ವಚ್ಛ ಮಾಡುವ ಕೆಲಸ ಈ ವರ್ಷವೇ ಶುರು ಎಂದರು. ಸಿದ್ಧಲಿಂಗ ಎಲ್ಲರಿಗಿಂತ ಮುಂದೆ ಬಂದು ಅವರ ಕೊರಳಿಗೆ ಹಾರ ಹಾಕಿದ. ಹಾರವನ್ನು ಯಾವ ಫಲಿತಾಂಶಕ್ಕೆಂದು ತರಿಸಿದ್ದನೋ ಅವನೇ ಬಲ್ಲ.

ಅಮೃತಾ ಓಡಿಬಂದು ಶಿವಗಂಗವ್ವನನ್ನು ತಬ್ಬಿಕೊಂಡಳು. "ಗೆದ್ವಿ ಅವ್ವಾರ!" ಎಂದಳು. ಶಿವಗಂಗವ್ವ ಅವಳ ಬೆನ್ನು ಸವರಿದಳು, ಕೆರೆಯ ಕಡೆ ನೋಡಿ ಕೈ ಮುಗಿದಳು. ಸಂತೋಷದಿಂದ ಅವಳ ಮೈ ಹಗುರಾಗಿತ್ತು. ಆದರೆ ಅವಳು ಯಾರ ಜೊತೆಗೂ ಪೇಢೆ ತಿನ್ನಲು ನಿಲ್ಲದೆ ಗಂಧಕದ ಚೀಲದ ಹತ್ತಿರ ಹೋಗಿ ಬೋಗುಣಿ ತುಂಬಿಕೊಂಡು ಬಂದಳು. ಎರಡನೇ ತೊಟ್ಟಿಗೆ ಗಂಧಕ ಸುರಿದಳು. ಮೊದಲ ತೊಟ್ಟಿಯಿಂದ ಸೌಟು ತುಂಬ ಹೆಪ್ಪು ತೆಗೆದು ಅದಕ್ಕೆ ಹಾಕಿದಳು.

"ಅದರ ಕೆಲಸ ಮುಗೀತಲ್ರಿ," ಎಂದಳು ಅಮೃತಾ. "ನಾಳೆ ಅದನ್ನ ಖಾಲಿ ಮಾಡ್ಸಿ ಡ್ರಮ್ಮಿಗೆ ತುಂಬಸ್ತೀನಿ."

"ನಾಳೆ ತುಂಬಸು."

"ಈಗ ಹಾಕಿ ಏನ್ ಉಪಯೋಗ್ರಿ ಅವ್ವಾರ?"

ಶಿವಗಂಗವ್ವ ಮತ್ತೊಂದು ಸೌಟು ಹಾಕಿದಳು. "ಉಪಯೋಗ ನೋಡಿ ಊಟಕ್ಕ ಹಾಕ್ತಾರೇನ ಯವ್ವಾ?"

ಏರಿಯ ಮೇಲೆ ಸಾಹೇಬರು ಅಮೃತಾಳನ್ನು ಫೋಟೋಕ್ಕೆ ಕರೆಯುತ್ತಿದ್ದರು. ಅವಳು ಅತ್ತ ಹೋಗದೆ ಗೋಡೆಗೆ ಒರಗಿಸಿದ್ದ ಗಳ ತೆಗೆದುಕೊಂಡು ಎರಡನೇ ತೊಟ್ಟಿಗೆ ಇಳಿಬಿಟ್ಟು ತಿರುವತೊಡಗಿದಳು.

"ಸಾವಕಾಶ ತಿರುವು," ಎಂದಳು ಶಿವಗಂಗವ್ವ. "ಭಾಳ ದಿನದಿಂದ ಹಸದಾವು."